ಭಿಕ್ಷಾಪಾತ್ರೆಗೆ ಬಿದ್ದ ಫೋನು

ಲಾವೋಸಿನ ಲುವಾಂಗ್ ಪ್ರಬಾಂಗಿನಲ್ಲಿ ಬೆಳಗಿನ ಭಿಕ್ಷೆಗೆ ಚಾಪೆ ಹಾಸಿ ಕೂರುವ ಹೆಂಗಸರಲ್ಲಿ ಬುವಾಖಾಮಳಷ್ಟು ಚುರುಕಿನವಳು ಇನ್ನೊಬ್ಬಳಿರಲಿಲ್ಲ. ಬಲಗೈಯಲ್ಲಿ ಪುಣ್ಯ ಸಂಪಾದಿಸುತ್ತ ಎಡಗೈಯಲ್ಲಿ ಫೋನು ಮಾಡುವಳು. ಸಾಲಾಗಿ ಬರುವ ಭಿಕ್ಷುಗಳ ಪಾತ್ರೆಗೆ ಒಂದೊಂದು ತುತ್ತು ಅಂಟನ್ನ. ನಡುನಡುವೆ ರಾಜಧಾನಿ ವಿಯೆಂಟಿಯಾನಿನಲ್ಲಿರುವ ಬಸುರಿ ಮಗಳಿಗೆ ಒಂದೊಂದು ಕರೆ.

ಮಗಳು ದಾಲಾಗೆ ಎಂಟು ತಿಂಗಳು. ರಕ್ತದೊತ್ತಡ ಏರುತ್ತಿದೆ, ನೆಮ್ಮದಿಯಾಗಿರಬೇಕು ಎಂದು ವೈದ್ಯೆ ಹೇಳಿದ್ದರು. ಅಂದಿನಿಂದ ನೆಮ್ಮದಿಯಾಗಿದ್ದೀಯಾ ಎಂದು ತಾಯಿ ದಿನಕ್ಕೆ ಇಪ್ಪತ್ತು ಸಲ ವಿಚಾರಿಸುತ್ತಿದ್ದಳು. ನಿನ್ನೆ ಮಗಳು ಹೇಳಿಯೇಬಿಟ್ಟಿದ್ದಳು: "ಅಮ್ಮಾ, ನಿನ್ನ ಹೆಸ್ರು ಕಂಡ್ರೇನೇ ಎದೆ ಹೊಡ್ಕೊಳ್ಳುತ್ತೆ. ಹೀಗೇ ಆದ್ರೆ ಹೆರಿಗೆಗೆ ನೀನು ಬರೋದೇ ಬೇಡ."

ಇಂದು ದಾಲಾ ಫೋನು ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದರೂ ಎತ್ತಲಿಲ್ಲ. ಬುವಾಖಾಮಳ ಮನಸ್ಸು ಆಗಲೇ ಆಸ್ಪತ್ರೆಯ ಬಾಗಿಲು ತಲುಪಿತ್ತು. ಆ ಗಡಿಬಿಡಿಯಲ್ಲಿ ಕೈಗಳು ಅದಲುಬದಲಾದವು. ಫೋನು ಹಿರಿಯ ಭಿಕ್ಷುವಿನ ಪಾತ್ರೆಗೆ ಬಿತ್ತು. ಅನ್ನ ಕಿವಿಗೆ ಅಂಟಿತು.

ಭಿಕ್ಷೆಯ ಹೊತ್ತಿನಲ್ಲಿ ಅವರು ಮಾತಾಡುವುದಿಲ್ಲ. ಮುಚ್ಚಳ ಮುಚ್ಚಿ ನಡೆದೇಬಿಟ್ಟರು.

"ಕೊಟ್ಟ ಭಿಕ್ಷೆ ವಾಪಸ್ ಕೇಳ್ಬಾರ್ದು ಅಕ್ಕಾ," ಎಂದಳು ಪಕ್ಕದ ಚಾಪೆಯ ತಿಪ್, ನಗು ತಡೆಯಲಾರದೆ. "ಮುಂದಿನ ಜನ್ಮದಲ್ಲಿ ನಿಂಗೆ ಫೋನಿಗೇನೂ ಬರ ಇಲ್ಲ ಬಿಡು."

ಭಿಕ್ಷುಗಳ ಸಾಲು ಮುಗಿಯುತ್ತಲೇ ಬುವಾಖಾಮ್ ಬರಿಗಾಲಲ್ಲೇ ವಿಹಾರಕ್ಕೆ ಓಡಿದಳು. ಜಗಲಿಯಲ್ಲಿ ಬಿಳಿಯುಟ್ಟ ಸನ್ಯಾಸಿನಿ ಸೆಂಗಜ್ಜಿ ಸೌತೆಕಾಯಿ ಹೆಚ್ಚುತ್ತಿದ್ದರು.

"ಊಟಕ್ಕೆ ಕೂತಿದಾರೆ. ಮಧ್ಯೆ ಎಬ್ಬಿಸೋ ಹಾಗಿಲ್ಲ. ನೀನೂ ಕೂತ್ಕೋ."

"ಅಷ್ಟರಲ್ಲಿ ಮಗಳಿಗೆ ಏನಾದ್ರೂ ಆದ್ರೆ?"

"ನೀನು ಫೋನ್ ಹಿಡ್ಕೊಂಡಿದ್ರೆ ಆಗ್ತಿರ್ಲಿಲ್ವಾ?"

ಬುವಾಖಾಮ್ ಕೂತಳು. "ಧ್ಯಾನ ಮಾತ್ರ ಮಾಡು ಅನ್ಬೇಡಿ ಅಜ್ಜಿ. ಕಣ್ಣು ಮುಚ್ಚಿದ್ರೆ ಇನ್ನೂ ಜಾಸ್ತಿ ಆಗುತ್ತೆ."

"ಮುಚ್ಚು ಅಂದೋರ್ಯಾರು? ಭಯ ಎಲ್ಲಿದೆ ಈಗ?"

"ಎಲ್ಲಿ ಅಂದ್ರೆ... ಗಂಟಲಲ್ಲಿ. ಹೊಟ್ಟೇಲೂ."

"ಇರ್ಲಿ. ಓಡಿಸ್ಬೇಡ. ಉಸಿರು ಬರುತ್ತೆ, ಹೋಗುತ್ತೆ, ಅದನ್ನ ನೋಡ್ತಿರು. ಮನಸ್ಸು ಮಗಳ ಊರಿಗೆ ಹೋದ್ರೆ ಬೈಯದೆ ಕರ್ಕೊಂಡು ಬಾ."

"ಹೀಗೆ ಮಾಡಿ ನಿಮ್ಮ ಭಯ ಹೋಯ್ತಾ?"

"ಮೂವತ್ತು ವರ್ಷದಿಂದ ಬರ್ತಾನೇ ಇದೆ," ಎಂದರು ಅಜ್ಜಿ, ಸೌತೆಯ ಹೋಳೊಂದನ್ನು ಬಾಯಿಗೆ ಹಾಕಿಕೊಂಡು. "ಈಗ ಎದ್ದು ಹೋಗಿ ಉಪಚಾರ ಮಾಡಲ್ಲ, ಅಷ್ಟೇ."

ಮನಸ್ಸು ವಿಯೆಂಟಿಯಾನಿಗೆ ಹೋಯಿತು. ಕರೆತಂದಳು. ಮತ್ತೆ ಹೋಯಿತು. ನಲವತ್ತು ಸಲವಾದರೂ ಹೋಗಿಬಂದಿರಬೇಕು. ರೈಲಿಗೆ ಟಿಕೆಟ್ಟು ಬೇಕಿರಲಿಲ್ಲ, ಸದ್ಯ. ಯಾವುದೋ ಒಂದು ಉಸಿರಿನ ಕೊನೆಯಲ್ಲಿ ಗಂಟಲು ತುಸು ಸಡಿಲವಾಯಿತು. ಆ ಸಡಿಲಿನಲ್ಲಿ ಒಂದು ವಿಷಯ ಹೊಳೆಯಿತು: ಇಷ್ಟು ದಿನ ಕೇಳಿದ ಪ್ರಶ್ನೆಗಳೆಲ್ಲ ನೆನಪಿದ್ದವು. ಮಗಳು ಕೊಟ್ಟ ಉತ್ತರ ಒಂದೂ ನೆನಪಿರಲಿಲ್ಲ.

ಊಟ ಮುಗಿದು ಮಂತ್ರಪಠಣವಾದ ಮೇಲೆ ಅಜ್ಜಿ ಒಳಗಿನಿಂದ ಫೋನು ತಂದುಕೊಟ್ಟರು. ಕೈಗೆ ಬರುತ್ತಲೇ ಅದು ಬಡಿದುಕೊಂಡಿತು.

"ಸ್ನಾನಕ್ಕೆ ಹೋಗಿದ್ದೆ ಅಮ್ಮಾ! ಅಷ್ಟರಲ್ಲಿ ಏಳು ಸಲ ಮಾಡಿದೀಯ!"

ಪ್ರಶ್ನೆಗಳೆಲ್ಲ ನಾಲಿಗೆಯ ತುದಿಗೆ ನುಗ್ಗಿದವು. ಬುವಾಖಾಮ್ ಅವನ್ನು ನೋಡಿದಳು. ಒಂದು ಉಸಿರು ಬಂತು, ಹೋಯಿತು.

"ಹೂಂ. ಹೇಳಮ್ಮ."

"ಏನಾಯ್ತು ನಿಂಗೆ? ಹುಷಾರಾಗಿದೀಯಾ?"

"ಹುಷಾರಾಗಿದೀನಿ. ಭಯ ಇದೆ. ಅದರ ಪಾಡಿಗೆ ಅದು ಇರ್ಲಿ. ನೀನು ಹೇಳು."

ಆ ಕಡೆಯಿಂದ ತೀರಾ ಸಣ್ಣ ದನಿ ಬಂತು: "ನಂಗೂ ಭಯ ಆಗುತ್ತಮ್ಮ. ಹೇಳೋಣ ಅಂದ್ರೆ ನಿನ್ನನ್ನ ಸಮಾಧಾನ ಮಾಡೋದ್ರಲ್ಲೇ ಆಗ್ಹೋಗ್ತಿತ್ತು."

ಏನೂ ಆಗಲ್ಲ ಎಂದು ಬುವಾಖಾಮ್ ಹೇಳಲಿಲ್ಲ. ಅಳುವುದನ್ನೂ ಮಗಳಿಗೇ ಬಿಟ್ಟುಕೊಟ್ಟು, ಹೂಂಗುಟ್ಟುತ್ತ ಕೂತಳು. ಬಿಸಿಲು ಜಗಲಿಗೆ ಏರಿತು. ದಾಲಾ ಅತ್ತು, ಮೂಗು ಸೀಟಿ, ಕೂಸು ಒದೆಯುವುದನ್ನು ಹೇಳಿ ನಕ್ಕು, ಕೊನೆಗೆ ಕೇಳಿದಳು:

"ಅಮ್ಮಾ, ಯಾವತ್ತು ಹೊರಡ್ತೀಯ?"