ಬೀಳದಿರಲಿ ಎಂಬ ಹರಕೆ

ಪ್ರೇಮಾವತಿಯ ಹರಕೆಯಲ್ಲಿ ಒಂದು ಎಡವಟ್ಟಾಗಿತ್ತು. ಅದು ಬೆಳಕಿಗೆ ಬಂದದ್ದು ದೋಹಾದ ಮಾಲ್ ಒಂದರೊಳಗೆ, ಕೃತಕ ಹಿಮದ ಇಳಿಜಾರಿನ ಬುಡದಲ್ಲಿ, ಮಗಳು ಭವ್ಯಶ್ರೀ ಸ್ಕೀ ರೇಸಿನ ಮೊದಲ ಸುತ್ತಿನಲ್ಲಿ ಐದನೆಯವಳಾಗಿ ಇಳಿದು ಬಂದಾಗ.

ಹೊರಗೆ ನಲವತ್ತೆರಡು ಡಿಗ್ರಿ, ಒಳಗೆ ಸೊನ್ನೆಗಿಂತ ಕೆಳಗೆ. ಮನೆಯಿರುವ ಅಲ್ ವುಕೈರ್‌ನಿಂದ ಹತ್ತಿ ಸೀರೆಯಲ್ಲೇ ಬಂದಿದ್ದ ಪ್ರೇಮಾವತಿ ಬಾಡಿಗೆ ಜಾಕೆಟ್ಟಿನೊಳಗೆ ನಡುಗುತ್ತ, ಮಗಳ ಕೈಕಾಲು ನೆಟ್ಟಗಿರುವುದನ್ನು ಕಂಡು ಕೈಮುಗಿದಳು. ಮಗಳ ಮುಖ ಮಾತ್ರ ಊದಿಕೊಂಡಿತ್ತು. ಮೊದಲ ಮೂವರನ್ನು ಕಝಾಕ್‌ಸ್ತಾನದ ನಿಜವಾದ ಬೆಟ್ಟಕ್ಕೆ ತರಬೇತಿಗೆ ಕಳಿಸುತ್ತಾರೆ. ಹದಿನೈದರ ಹುಡುಗಿ ಎರಡು ವರ್ಷದಿಂದ ಕನವರಿಸುತ್ತಿದ್ದುದು ಅದನ್ನೇ. ಇನ್ನು ಉಳಿದದ್ದು ಒಂದೇ ಸುತ್ತು. ಎರಡರಲ್ಲಿ ಯಾವುದು ವೇಗವೋ ಅದೇ ಲೆಕ್ಕ.

"ಪ್ರತಿ ಟರ್ನಲ್ಲೂ ಬ್ರೇಕ್ ಹಾಕ್ತಾ ಇದ್ದೆ ಪಪ್ಪಾ. ಯಾಕಂತ ಗೊತ್ತಿಲ್ಲ" ಎಂದಳು ಭವ್ಯಶ್ರೀ.

ಅಪ್ಪ ದೂಮಪ್ಪ ಹೆಂಡತಿಯತ್ತ ಓರೆಗಣ್ಣಿನಿಂದ ನೋಡಿದ. "ನೀನು ದೈವಕ್ಕೆ ಹರಕೆ ಹೇಳಿದ್ದಲ್ವಾ, ಎಂತ ಹೇಳಿದ್ದು ಮಾರಾಯ್ತಿ?"

"ಇವಳು ಬೀಳದ ಹಾಗೆ ನೋಡಿಕೋ ಅಂತ."

"ಗೆಲ್ಲಿಸು ಅಂತ?"

"ಅದು ಹೇಳ್ಲಿಲ್ಲ."

ದೂಮಪ್ಪ ಹಣೆ ಚಚ್ಚಿಕೊಂಡ. "ಗೆಲ್ಲಿಸು ಅಂತ ನಾನು ಹೇಳಿದ್ದೇನೆ, ಅದೇ ದೈವಕ್ಕೆ! ಪಾಪ, ಅದು ಯಾರ ಮಾತು ಕೇಳುದು? ನಮ್ಮ ಮನೆಯಲ್ಲಿ ಯಾರ ಮಾತು ನಡೀತದೆ ಅಂತ ಅದಕ್ಕೂ ಗೊತ್ತುಂಟು."

ಭವ್ಯಶ್ರೀ ನಗಲಿಲ್ಲ. "ನಾನು ಬೀಳ್ತೇನೆ ಅಂತಲೇ ನಿನಗೆ ಯಾವಾಗ್ಲೂ, ಅಮ್ಮಾ. ನಿನ್ನ ಮುಖ ನೋಡಿದ್ರೆ ನನಗೂ ಹಾಗೇ ಅನಿಸ್ತದೆ" ಎಂದು ಹೇಳಿ, ಮೇಲೆ ಕರೆದೊಯ್ಯುವ ಬೆಲ್ಟು ಹತ್ತಿದಳು.

ಆ ಮಾತು ಪ್ರೇಮಾವತಿಗೆ ಚುಚ್ಚಿತು. ಮಗಳು ಸೈಕಲ್ ಕಲಿತ ಮೇಲೂ ಆರು ತಿಂಗಳು ಸೀಟು ಹಿಡಿದು ಓಡಿದ ತಾಯಿ ಅವಳು. ಮಗಳು ಹೇಳಿದ್ದು ಸುಳ್ಳಲ್ಲವೆಂದು ಅವಳಿಗೆ ಗೊತ್ತಿತ್ತು, ಅದಕ್ಕೇ ಇನ್ನಷ್ಟು ನೋವಾಯಿತು. ಆದರೆ ಹೇಳಿಕೊಂಡ ಹರಕೆಯನ್ನು ಹಾಗೆ ಸುಮ್ಮನೆ ಬದಲಿಸುವಂತಿಲ್ಲ, ತಪ್ಪುಕಾಣಿಕೆ ಕಟ್ಟಿಡಬೇಕು. ಮರಗಟ್ಟಿದ ಬೆರಳುಗಳಲ್ಲಿ ರಿಯಾಲಿನ ನೋಟೊಂದನ್ನು ಕರ್ಚೀಫಿನ ತುದಿಗೆ ಗಂಟು ಹಾಕಿ ಕಣ್ಣು ಮುಚ್ಚಿದಳು.

"ತಪ್ಪಾಯ್ತು ಸ್ವಾಮಿ. ಮೊದಲು ಹೇಳಿದ್ದು ಬಿಟ್ಟುಬಿಡು. ಬಿದ್ರೆ..." ಕರ್ಚೀಫಿನ ಗಂಟನ್ನು ಇನ್ನೊಮ್ಮೆ ಬಿಗಿದಳು. "ಬಿದ್ರೆ ಬೀಳಲಿ. ಅವಳಿಗೆ ಬೇಕಾದ ಹಾಗೆ ಹೋಗಲಿ."

"ಯಲ್ಲಾ, ಭವ್ಯಾ!" ಎಂದು ಕೋಚ್ ಲೊರ್ನಾ ಅರಬ್ಬಿಯಲ್ಲಿ ಹೊರಡಲು ಕೂಗಿದಳು.

ಈ ಸಲ ಹುಡುಗಿ ಬ್ರೇಕ್ ಹಾಕಲಿಲ್ಲ. ಬಾಗಿ, ತಿರುಗಿ, ಹಿಮದ ಪುಡಿ ಹಾರಿಸುತ್ತ ಬಂದವಳು ಕೊನೆಯ ಕಂಬದ ಬಳಿ ದೊಪ್ಪನೆ ಬಿದ್ದಳು. ದೂಮಪ್ಪ ಕಣ್ಣು ಮುಚ್ಚಿಕೊಂಡ. ಪ್ರೇಮಾವತಿ ಮಾತ್ರ ಅಡ್ಡಕಂಬಿಗೆ ಜೋತುಬಿದ್ದು, "ಪೋ ಮಗಾ, ಪೋ!" ಎಂದು ಇಡೀ ಮಾಲಿಗೆ ಕೇಳುವಂತೆ ತುಳುವಿನಲ್ಲಿ ಕಿರುಚಿದಳು. ಭವ್ಯಶ್ರೀ ಕುಂಡೆಯ ಮೇಲೆ ಜಾರುತ್ತಲೇ ಗೆರೆ ದಾಟಿದಳು. ದಾಟಿದರೆ ಸಾಕು, ನಿಂತೇ ದಾಟಬೇಕೆಂದಿಲ್ಲ ಎಂದು ಲೊರ್ನಾ ಹೇಳುವಷ್ಟರಲ್ಲಿ ಬೋರ್ಡಿನಲ್ಲಿ ಮೂರನೆಯ ಹೆಸರು ಅವಳದೇ ಬಂತು.

"ಬೀಳಲಿ ಅಂದದ್ದನ್ನೂ ಬಿಡ್ಲಿಲ್ಲ ನೋಡು ದೈವ" ಎಂದ ದೂಮಪ್ಪ. ಅವನ ಕಣ್ಣು ತುಂಬಿತ್ತು.

ಗದ್ದ ತರಚಿಕೊಂಡ ಮಗಳು ಓಡಿಬಂದು ತಾಯಿಯನ್ನು ತಬ್ಬಿದಳು. "ಅಮ್ಮಾ, ಅಲ್ಲಿಯ ಬೆಟ್ಟ ಇದರ ಹತ್ತು ಪಟ್ಟು ದೊಡ್ಡದು. ಆಗ ಎಂತ ಹರಕೆ ಹೇಳ್ತಿ?"

ಪ್ರೇಮಾವತಿ ಅವಳ ಗದ್ದದ ಹಿಮ ಒರೆಸಿದಳು.

"ಎಂತದೂ ಇಲ್ಲ. ಹೆದರುದು ನನ್ನ ಕೆಲಸ, ಮನೆಯಲ್ಲಿ ಕೂತು ಹೆದರ್ತೇನೆ. ನೀನು ಹೋಗು."