ದೊಡ್ಡ ಮೇಡಂ ಕೂರುತ್ತಿದ್ದ ಬೆಂಚು

ದೊಡ್ಡ ಮೇಡಂ ತೀರಿಕೊಂಡ ಮೂರನೆಯ ಶುಕ್ರವಾರ, ಅಂದರೆ ಗಲ್ಫಿನ ವಾರದ ರಜೆಯ ದಿನ, ಚರ್ಚಿನಲ್ಲಿ ತೀರಿಕೊಂಡವರ ಪ್ರಾರ್ಥನೆಗೆ ಅವರ ಹೆಸರು ಓದಲಿದ್ದರು. ಡ್ರೈವರ್ ಅಣ್ಣು ಬೆಳಿಗ್ಗೆ ಏಳಕ್ಕೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತದ್ದನ್ನು ಕಂಡು ಹೆಂಡತಿ ಪ್ರೇಮಾವತಿ ಚಹದ ಲೋಟ ಕುಕ್ಕಿದಳು.

"ಮುಐದರ್ ಏರಿಯಾದವರ ಭಜನೆಗೆ ಬನ್ನಿ ಅಂದ್ರೆ ನಿಮ್ಗೆ ಡ್ಯೂಟಿ. ಇಗರ್ಜಿಗೆ ಮಾತ್ರ ಎರಡು ವರ್ಷದಿಂದ ಒಂದು ವಾರ ತಪ್ಲಿಲ್ಲ. ಇನ್ನು ಹೆಸರೂ ಆನ್ಸೆಲ್ಮ್ ಅಂತ ಮಾಡಿಕೊಳ್ಳಿ!"

"ಅದೂ ಡ್ಯೂಟಿಯೇ ಮಾರಾಯ್ತಿ."

ಮೊದಮೊದಲು ಅದು ಡ್ಯೂಟಿಯೇ ಆಗಿತ್ತು. ಎಂಬತ್ತು ದಾಟಿದ ಅಮೆರಿಕದ ಮುದುಕಿಯನ್ನು ಗೇಟಿನಲ್ಲಿಳಿಸಿ, ಕಾರಿನ ಏಸಿಯಲ್ಲಿ ನಿದ್ದೆ ಹೊಡೆಯುವುದು. ಆಕೆಯ ಮೊಣಕಾಲು ಕೈಕೊಟ್ಟ ಮೇಲೆ ಕೈಹಿಡಿದು ಒಳಗೇ ಕರೆದೊಯ್ಯಬೇಕಾಯಿತು. ಮೊದಲ ದಿನ ಅಣ್ಣು ಅಭ್ಯಾಸಬಲದಿಂದ ಬಾಗಿಲಲ್ಲೇ ಚಪ್ಪಲಿ ಬಿಟ್ಟ. ಅಲ್ಲಿ ಯಾರೂ ಬಿಡುವುದಿಲ್ಲ. ದೊಡ್ಡ ಮೇಡಂ ಕೆಮ್ಮು ಬರುವಷ್ಟು ನಕ್ಕರು, ಬೇಡವೆನ್ನಲಿಲ್ಲ. ಹಾಗಾಗಿ ಅದೇ ರೂಢಿಯಾಯಿತು.

ಆಕೆಗೆ ತಲೆ ಎಣಿಸುವ ಚಟ. ತಮ್ಮೂರಿನ ಚರ್ಚಿನಲ್ಲಿ ತಮ್ಮ ಮದುವೆಯ ದಿನ ಮುನ್ನೂರು ಜನ, ಕೊನೆಯ ಭಾನುವಾರ ಹನ್ನೊಂದು. ಈಗ ಆ ಕಟ್ಟಡದಲ್ಲಿ ಜಿಮ್ ಇದೆಯಂತೆ. ಇಲ್ಲಿ ಫಿಲಿಪ್ಪೀನಿನವರು, ಮಲಯಾಳಿಗಳು, ಮಂಗಳೂರಿನವರು ಸೇರಿ ನಿಲ್ಲಲೂ ಜಾಗವಿರುತ್ತಿರಲಿಲ್ಲ. "ದೇವರೂ ಕೆಲಸ ಹುಡುಕಿಕೊಂಡು ಗಲ್ಫಿಗೆ ಬಂದಿದ್ದಾನೆ, ಅಣ್ಣು," ಎನ್ನುತ್ತಿದ್ದರು.

ಮಗಳು ಜೋಆನ್ ಮೇಡಂ ಶಾಲೆಯಲ್ಲಿ ಟೀಚರು. ಅರ್ಜಿಗಳಲ್ಲಿ ಧರ್ಮದ ಕಾಲಮಿಗೆ ಅಡ್ಡಗೆರೆ ಎಳೆಯುವ ಹೆಂಗಸು. ಅಮ್ಮನನ್ನು ಕಾರಿನವರೆಗೆ ತಲುಪಿಸಿ ಹಿಂದಿರುಗುತ್ತಿದ್ದರು. ಇವತ್ತು ಮಾತ್ರ ಹಿಂದಿನ ಸೀಟಿನಲ್ಲಿ ಕೂತಿದ್ದರು. ಐನ್ ಖಾಲಿದ್ ಬಡಾವಣೆ ದಾಟಿದ ಮೇಲೆ ಅಣ್ಣು ಧೈರ್ಯ ಮಾಡಿದ.

"ಮೇಡಂ, ಹೆಸರು ಓದುವಾಗ ಮನೆಯವರು ಎದ್ದು ನಿಲ್ಬೇಕು. ಇಲ್ಲಿ ಹಾಗೆ ಕ್ರಮ."

"ನೀನೇ ನಿಲ್ಲು. ಅವಳ ಪಕ್ಕ ಕೂತವನು ನೀನು. ನಾನು ನಿಂತರೆ ಅದು ನಾಟಕ. ಅಮ್ಮನಿಗೆ ನನ್ನ ನಾಟಕ ತಕ್ಷಣ ಗೊತ್ತಾಗುತ್ತಿತ್ತು."

"ನಾನು ಡ್ರೈವರ್, ಮೇಡಂ."

ಅವರು ಕಿಟಕಿಯ ಕಡೆ ತಿರುಗಿದರು. ಕಾರು ನಿಂತರೂ ಇಳಿಯಲಿಲ್ಲ.

ಅಣ್ಣು ಒಬ್ಬನೇ ಹೋಗಿ ಮೂರನೆಯ ಬೆಂಚಿನಲ್ಲಿ ಕುಳಿತ. ಪಕ್ಕದ ಜಾಗವನ್ನು ಯಾರೂ ತುಂಬಲಿಲ್ಲ. ಪಾದ್ರಿ ಹೆಸರು ಓದಿ, ತಲೆಯೆತ್ತಿ ಕಾದರು. ಜನ ಅತ್ತಿತ್ತ ನೋಡಿದರು. ಬದುಕಿಡೀ ಊರವರ ತಲೆ ಎಣಿಸಿದಾಕೆಗೆ ಈಗ ಒಂದು ತಲೆಯೂ ಇಲ್ಲವೇ? ಅಣ್ಣು ಎದ್ದು ನಿಂತ. ಲೆಕ್ಕ ಒಂದಾಯಿತು, ಅದೂ ಸಂಬಳದ್ದು. ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಪ್ರಾರ್ಥನೆ ಮುಗಿದು ಬಾಗಿಲಿಗೆ ಬಂದರೆ ಅವನ ಚಪ್ಪಲಿಯ ಪಕ್ಕ ಒಂದು ಜೊತೆ ಬಿಳಿ ಶೂ, ಒಪ್ಪವಾಗಿ ಜೋಡಿಸಿಟ್ಟದ್ದು. ಬಾಗಿಲ ಪಕ್ಕದ ಕೊನೆಯ ಬೆಂಚಿನ ಬಳಿ ಜೋಆನ್ ಮೇಡಂ ಬರಿಗಾಲಲ್ಲಿ ನಿಂತಿದ್ದರು. ಹೆಸರು ಓದಿದಾಗಲೇ ಎದ್ದಿರಬೇಕು, ಆಮೇಲೆ ಕೂತಂತೆ ಕಾಣಲಿಲ್ಲ. ಕಣ್ಣು ಕೆಂಪಾಗಿತ್ತು.

"ನಿನ್ನ ಚಪ್ಪಲಿ ನೋಡಿ ಬಿಟ್ಟೆ," ಎಂದರು ಮೆಲ್ಲಗೆ. "ಇಲ್ಲಿ ಬಿಡಬೇಕು, ಅಲ್ಲವೆ?"

ಹೈಹೀಲ್ಡ್ ಹಾಕಿದ ಹೆಂಗಸರು ಟಕಟಕ ಸದ್ದು ಮಾಡುತ್ತ ಅವರನ್ನು ದಾಟಿ ಹೋಗುತ್ತಿದ್ದರು.

"ಹೌದು, ಮೇಡಂ."

"ನನಗೆ ಈಗಲೂ ನಂಬಿಕೆಯಿಲ್ಲ."

"ಆಯ್ತು, ಮೇಡಂ."

ಅವರು ಬಗ್ಗಿ ಶೂ ಕೈಗೆತ್ತಿಕೊಂಡರು, ಹಾಕಿಕೊಳ್ಳಲಿಲ್ಲ. "ಅಮ್ಮ ಇದ್ದಿದ್ದರೆ ಕೇಳುತ್ತಿದ್ದಳು, ಇವತ್ತು ಎಷ್ಟು ಜನ ಅಂತ."

"ಒಟ್ಟು ಎಣಿಸ್ಲಿಲ್ಲ," ಎಂದ ಅಣ್ಣು. "ಎದ್ದು ನಿಂತವರು ಇಬ್ಬರು."