ಜತ್ತಪ್ಪನ ಸ್ಕೀ ಹಲಗೆಗಳು

ಎಂಬತ್ತಮೂರನೇ ಇಸವಿಯ ಫೆಬ್ರವರಿಯಲ್ಲಿ ಸಿಪಾಯಿ ಜತ್ತಪ್ಪ ಒಂದು ತಿಂಗಳ ರಜೆಗೆ ಗುತ್ತಿಗಾರಿಗೆ ಬಂದಾಗ, ಬಸ್ಸಿನ ಮೇಲಿನಿಂದ ಮೊದಲು ಇಳಿದದ್ದು ಅವನ ಟ್ರಂಕಲ್ಲ, ಆಳೆತ್ತರ ಮೀರಿದ ಎರಡು ಹಲಗೆಗಳು. ಕಾಶ್ಮೀರದಲ್ಲಿ ಸೈನ್ಯದವರು ಉಪಯೋಗಕ್ಕಿಲ್ಲವೆಂದು ಕಂಡೆಮ್ ಮಾಡಿ ಬಿಸಾಡಿದ ಸ್ಕೀಗಳು ಅವು. ಪುತ್ತೂರಿನಿಂದ ಅಲ್ಲಿಯವರೆಗೆ ಕಂಡಕ್ಟರ್ ಮೂರು ಸಲ ಇದು ಎಂತ ಎಂದು ಕೇಳಿದ್ದ. ಜತ್ತಪ್ಪ ಮೂರು ಸಲವೂ ನಿಜವನ್ನೇ ಹೇಳಿದ್ದ.

"ಕಾಲಿಗೆ ಸಿಕ್ಕಿಸಿ ಗುಡ್ಡೆಯಿಂದ ಜಾರುದಂತೆ. ಹೇಳಲಿಕ್ಕೆ ಮನಸ್ಸಿಲ್ಲದಿದ್ದರೆ ಬೇಡ ಮಾರಾಯ್ರೆ" ಎಂದು ಕಂಡಕ್ಟರ್ ಬೇಸರದಲ್ಲಿ ಸೀಟಿ ಊದಿದ್ದ.

ಜತ್ತಪ್ಪ ಹಿಮದ ಮೇಲೆ ಜಾರುವ ಕೋರ್ಸಿಗೆ ಸೇರಿದ್ದ. ಜಾರುವುದರಲ್ಲಿ ಅವನಿಗೆ ತೊಂದರೆ ಇರಲಿಲ್ಲ. ಆದರೆ ಬೂಟನ್ನು ಹಲಗೆಗೆ ಕಚ್ಚಿಸುವ ಕಬ್ಬಿಣದ ಹಿಡಿಯನ್ನು, ಅಂದರೆ ಬೈಂಡಿಂಗನ್ನು, ಪ್ರತಿಯೊಬ್ಬನೂ ತಾನೇ ಅಳೆದು, ತೂತು ಕೊರೆದು, ಕೂರಿಸಿ ತೋರಿಸಬೇಕಿತ್ತು. ಅದರಲ್ಲಿ ಎರಡು ಸಲ ಫೇಲಾಗಿದ್ದ. ಮೂರನೆಯ ಸಲವೂ ಫೇಲಾದರೆ ಪುನಃ ಲಂಗರಿಗೆ, ಸೈನ್ಯದ ಅಡುಗೆಮನೆಗೆ. ಅಲ್ಲಿ ನಾಲ್ಕು ವರ್ಷ ದಿನಕ್ಕೆ ಮುನ್ನೂರು ಜನರ ರೊಟ್ಟಿ ಬೇಯಿಸಿದ ಮೇಲೆ ಅವನಿಗೆ ಹಿಟ್ಟಿನ ವಾಸನೆ ಬಂದರೆ ತಲೆನೋಯುತ್ತಿತ್ತು.

ಎರಡು ಸಲವೂ ಫೇಲಾದದ್ದು ಒಂದೇ ಕಾರಣಕ್ಕೆ. ಜಾರುವವನು ಬಿದ್ದಾಗ ಹಿಡಿ ತಾನಾಗಿ ಬೂಟನ್ನು ಬಿಡಬೇಕು. ಬಿಡದಿದ್ದರೆ ಕಾಲು ಮುರಿಯುತ್ತದೆ. ಎಷ್ಟು ಬಿಗಿ ಇರಬೇಕೆಂಬುದು ಒಂದು ಸ್ಕ್ರೂವಿನ ಕೆಲಸ. ಜತ್ತಪ್ಪನ ಕೈ ಆ ಸ್ಕ್ರೂವನ್ನು ಕೊನೆಯವರೆಗೆ ತಿರುಗಿಸದೆ ಸುಮ್ಮನಾಗುತ್ತಿರಲಿಲ್ಲ. ಅವನ ಅಪ್ಪ, ಅಜ್ಜ ಎಲ್ಲ ಅಡಿಕೆ ಮರ ಹತ್ತಿದವರು. ಹತ್ತುವಾಗ ಪಾದಗಳಿಗೆ ಹಾಕುವ ಹಗ್ಗದ ತಳೆ ಕಳಚಿದರೆ ಕೆಳಗೆ ಬರುವುದು ಹೆಣ ಎಂಬ ಪಾಠ ಅವನಿಗೆ ಅಆಇಈಗಿಂತ ಮೊದಲೇ ಆಗಿತ್ತು.

ಮರುದಿನವೇ ಅಂಗಳದಲ್ಲಿ ಕೆಲಸ ಶುರುವಾಯಿತು. ಅಕ್ಕ ಸೇವಂತಿಯ ಗಂಡ ಕೂಸಪ್ಪ ಬೈರಿಗೆ ಹಿಡಿದುಕೊಂಡು ಬಂದ. ಅವನೂ ಮರ ಹತ್ತುವವನೇ. ಜತ್ತಪ್ಪ ಟ್ರಂಕಿನಿಂದ ಹಿಡಿಗಳನ್ನೂ ಬೂಟನ್ನೂ ತೆಗೆದು, ಬೂಟಿನ ನಡುಮಧ್ಯಕ್ಕೆ ಪೆನ್ಸಿಲಿನ ಗೆರೆ ಎಳೆದ, ಹಲಗೆಯ ಗೆರೆಗೆ ಅದನ್ನು ಸರಿ ಕೂರಿಸಿದ, ತೂತಿನ ಗುರುತು ಹಾಕಿದ. ಕೂಸಪ್ಪ ಉತ್ಸಾಹದಲ್ಲಿ ಕೊರೆದ. ಹಲಗೆ ಎತ್ತಿ ನೋಡಿದರೆ ತೂತಿನಲ್ಲಿ ಆಚೆ ಕಡೆಯ ಕೋಳಿ ಕಾಣುತ್ತಿತ್ತು.

"ಅರ್ಧಕ್ಕೆ ನಿಲ್ಲಿಸಬೇಕಿತ್ತು ಭಾವ."

"ಅರ್ಧಕ್ಕೆ ನಿಲ್ಲಿಸುದು ಅಂತ ಕೊರೆದ ಮೇಲೆ ಹೇಳಿದರೆ ಹೇಗೆ?"

ಕೊಡಪಾನದ ತೂತಿಗೆ ಹಾಕುವ ಹಾಗೆ ಕೂಸಪ್ಪ ಹಲಸಿನ ಮೇಣ ಕಾಯಿಸಿ ತಂದ. ಮೇಣ ಸವರಿದ ಮರದ ಬೆಣೆ ಹೊಡೆದು, ಒಣಗಿದ ಮೇಲೆ ಕೆತ್ತಿ ಸಮ ಮಾಡಿದರು. ನಂತರ ಬೈರಿಗೆಗೆ ಆಳದ ಗುರುತಾಗಿ ನೂಲು ಸುತ್ತಿ ಕೊರೆದರು. ಹಲಗೆಯ ಕಬ್ಬಿಣದ ಅಂಚಿನ ತುಕ್ಕನ್ನು ಅರದಿಂದ ಉಜ್ಜಿ ತೆಗೆದು, ಅಡಿಗೆ ಮೇಣದ ಬತ್ತಿ ತಿಕ್ಕಿದರು. ಇಷ್ಟು ಚಂದದ ನುಣುಪು ಹಲಗೆ ಸುಮ್ಮನೆ ಬಿಸಿಲಲ್ಲಿ ಇರುವುದೇ ಎಂದು ಜತ್ತಪ್ಪನ ಅವ್ವ ತಿಮ್ಮಕ್ಕ ಅದರ ಮೇಲೆ ಮಜ್ಜಿಗೆ ಮೆಣಸು ಒಣಗಿಸಿದಳು.

ಬೈಂಡಿಂಗ್ ಕೂತಿತು. ಉಳಿದದ್ದು ಬಿಗಿಯ ಸ್ಕ್ರೂ.

"ಬಿಡುವ ಹಿಡಿಯನ್ನು ಹಾಕುದು ಯಾಕೆ?" ಎಂದು ಕೂಸಪ್ಪ ಕೇಳಿದ.

"ಬೀಳುವಾಗ ಮಾತ್ರ ಬಿಡುದು ಭಾವ."

"ಬೀಳುವಾಗಲೇ ಅಲ್ಲವಾ ಹಿಡಿಯಬೇಕಾದ್ದು?"

ಒಳಗೊಳಗೆ ಜತ್ತಪ್ಪನಿಗೂ ಹಾಗೇ ಅನಿಸುತ್ತಿತ್ತು. ಎರಡೂ ಸ್ಕ್ರೂಗಳನ್ನು ಅರ್ಧಕ್ಕೆ ನಿಲ್ಲಿಸಿದವನೇ, ತನ್ನ ಕೈಯನ್ನು ನಂಬದೆ, ಸ್ಕ್ರೂಡ್ರೈವರನ್ನು ಬೈಹುಲ್ಲಿನ ಮೆದೆಗೆ ಎಸೆದುಬಿಟ್ಟ.

ಹಿಮ ಇಲ್ಲದ ಊರಿನಲ್ಲಿ ಪರೀಕ್ಷೆ ಎಲ್ಲಿ ಮಾಡುವುದು? ಕಡಬದ ಹತ್ತಿರ ಕೇರಳದಿಂದ ಬಂದ ಪಾಪ್ಪಚ್ಚನ್ ಎಂಬವರ ರಬ್ಬರ್ ಗುಡ್ಡೆ ಇತ್ತು. ಎಲೆ ಉದುರುವ ಕಾಲ. ಇಳಿಜಾರಿನಲ್ಲಿ ಒಣ ಎಲೆ ಮೊಣಕಾಲಿನವರೆಗೆ. ಮರ ಗೀರಿ ಹಾಲು ತೆಗೆಯುವ ಟ್ಯಾಪಿಂಗ್ ಕೂಡ ನಿಂತಿತ್ತು. ಜತ್ತಪ್ಪ ವಿಷಯ ಹೇಳಿದಾಗ ಪಾಪ್ಪಚ್ಚನ್ ಮೊದಲು ಮರಗಳ ಕಡೆ ನೋಡಿದರು.

"ಮರಕ್ಕೆ ಎಂತದೂ ಆಗಬಾರದು ಮೋನೆ. ನಿನಗೆ ಆದರೆ ಅದು ನಿನ್ನ ಪಟ್ಟಾಳದ ಲೆಕ್ಕ."

ಅವರ ಹೆಂಡತಿ ವತ್ಸಮ್ಮ ಎಲ್ಲರಿಗೂ ಚಾಯ ಕೊಟ್ಟು, ತಾನು ನೋಡುವುದಿಲ್ಲ ಎಂದು ಹೇಳಿ, ಎಲ್ಲರಿಗಿಂತ ಮುಂದೆ ಬಂದು ನಿಂತಳು.

ಜತ್ತಪ್ಪ ಎರಡು ಸಾಲಿನ ನಡುವೆ ಜಾರಿದ. ಎಲೆಗಳು ಹಿಮದಷ್ಟೇ ಚೆನ್ನಾಗಿ ಜಾರಲು ಬಿಟ್ಟವು. ತಿರುಗಲು ಮಾತ್ರ ಬಿಡಲಿಲ್ಲ. ಹಾಲು ಹಿಡಿಯಲು ಕಟ್ಟಿದ್ದ ಏಳೆಂಟು ತೆಂಗಿನ ಚಿರಟೆಗಳು ಮರದಿಂದ ಹಾರಿದವು. ಮುಂದೆ ಒಂದು ಮಣ್ಣಿನ ಕಟ್ಟೆ ಸಿಕ್ಕಿತು. ಜತ್ತಪ್ಪ ಎರಡು ಪಲ್ಟಿ ಹೊಡೆದ. ಬಲಗಾಲಿನ ಹಲಗೆ ಕಳಚಿ ಒಬ್ಬಂಟಿಯಾಗಿ ಕೆಳಗೆ ಹೋಯಿತು. ಎಡಗಾಲಿನದ್ದು ಎರಡು ಮರಗಳ ನಡುವೆ ಅಡ್ಡ ಸಿಕ್ಕಿಕೊಂಡು, ಜತ್ತಪ್ಪ ತಲೆಕೆಳಗಾಗಿ ನೇತಾಡಿದ.

"ಕಾಲು ಉಂಟಾ?" ಎಂದು ಪಾಪ್ಪಚ್ಚನ್ ಮೇಲಿನಿಂದಲೇ ವಿಚಾರಿಸಿದರು.

"ಉಂಟು. ಬೇಗ ಬಿಡಿಸಿದರೆ ಇರ್ತದೆ. ಸ್ಕ್ರೂಡ್ರೈವರ್ ಮನೆಯ ಹುಲ್ಲಿನಲ್ಲಿ ಉಂಟು."

ಕೂಸಪ್ಪ ಓಡಿ ಬಂದು ತನ್ನ ಸೊಂಟದಿಂದ ಅದೇ ಸ್ಕ್ರೂಡ್ರೈವರನ್ನು ತೆಗೆದ. ಜತ್ತಪ್ಪ ಕೆಳಗಿನಿಂದ ಅವನನ್ನೇ ನೋಡಿದ.

"ಯಾವ ಕಡೆ ತಿರುಗಿಸುದು?" ಎಂದು ಕೂಸಪ್ಪ ಕೇಳಿದ.

"ನೀವು ತಿರುಗಿಸಿದ್ದರ ಉಲ್ಟಾ ಕಡೆ."

ಕೂಸಪ್ಪ ಸ್ಕ್ರೂಡ್ರೈವರಿನ ತುದಿಯನ್ನು ಪಂಚೆಗೆ ಒರೆಸಿದ. "ಎಡದ್ದಕ್ಕೆ ನಾಲ್ಕೇ ಸುತ್ತು ಬಿಗಿ ಮಾಡಿದ್ದು ಮಾರಾಯ. ಕಳಚಿ ನೀನು ಬಿದ್ದರೆ ನಿನ್ನ ಅಕ್ಕನಿಗೆ ಎಂತ ಉತ್ತರ ಹೇಳುದು ಅಂತ. ಬಲದ್ದಕ್ಕೆ ಕೈ ಹಾಕುವಾಗ ಚಾಯ ಬಂತು."

ನೇತಾಡುತ್ತಿದ್ದ ಜತ್ತಪ್ಪನಿಗೆ ಸಿಟ್ಟು ಬರುವ ಮೊದಲು ಇನ್ನೊಂದು ವಿಷಯ ಹೊಳೆಯಿತು. ಬಲದ್ದು ತಾನೇ ಅರ್ಧಕ್ಕೆ ನಿಲ್ಲಿಸಿದ್ದು. ಅದು ಬಿಟ್ಟಿದೆ. ಬಲಗಾಲಿಗೆ ನೋವೂ ಇಲ್ಲ.

"ಒಂದೊಂದೇ ಸುತ್ತು ತಿರುಗಿಸಿ ಭಾವ. ನಾನು ಕಾಲು ತಿರುಚಿ ನೋಡ್ತೇನೆ."

ಒಂದಕ್ಕೆ ಬಿಡಲಿಲ್ಲ. ಎರಡಕ್ಕೆ ಬಿಡಲಿಲ್ಲ. ಮೂರಕ್ಕೆ ಅಲುಗಿತು. ನಾಲ್ಕನೆಯ ಸುತ್ತಿಗೆ ಬೂಟು ಟಪ್ಪೆಂದು ಕಳಚಿ, ಜತ್ತಪ್ಪ ಎಲೆಯೊಳಗೆ ಮುಳುಗಿದ.

ನಾಲ್ಕು ದಿನ ಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತವನು ಐದನೆಯ ದಿನ ಮತ್ತೆ ಗುಡ್ಡೆಗೆ ಬಂದ. ಆ ವಾರವಿಡೀ ಬೇಕೆಂದೇ ಬಿದ್ದ. ಎಡಕ್ಕೆ ಬಿದ್ದ, ಬಲಕ್ಕೆ ಬಿದ್ದ, ಹಿಂದಕ್ಕೆ ಬಿದ್ದ. ಪ್ರತಿ ಸಲವೂ ಸ್ಕ್ರೂವನ್ನು ಪೂರ್ತಿ ಸಡಿಲ ಮಾಡಿ, ಕಣ್ಣು ಮುಚ್ಚಿ ಹೊಸದಾಗಿ ಕೂರಿಸುತ್ತಿದ್ದ. ಕೊನೆಗೆ ಸರಿಯಾದ ಜಾಗದಲ್ಲಿ ಕೈ ತಾನಾಗಿ ನಿಲ್ಲತೊಡಗಿತು. ಪಾಪ್ಪಚ್ಚನ್ ಸ್ಟೂಲು ಹಾಕಿ ಕೂತು, ಇದು ಚೆನ್ನಾಗಿ ಬಿದ್ದೆ, ಇದು ಸಾಲದು ಎಂದು ಹೇಳುತ್ತಿದ್ದರು.

ಏಪ್ರಿಲಿನಲ್ಲಿ ಜತ್ತಪ್ಪನ ಇನ್‌ಲ್ಯಾಂಡ್ ಲೆಟರ್ ಬಂತು. ಸೇವಂತಿ ಜಗಲಿಯಲ್ಲಿ ಕೂತು ಓದಿದಳು: ಸಾಹೇಬರು ಕಾಲು ತಿರುಚಿ ನೋಡಿದರು, ಎರಡೂ ಬಿಟ್ಟವು, ನಾನು ಪಾಸು, ಇನ್ನು ಲಂಗರು ಇಲ್ಲ.

"ಬಿಟ್ಟದ್ದಕ್ಕಾ ಪಾಸು?" ಎಂದು ಕೂಸಪ್ಪ ಕೇಳಿದ.

"ಹೌದಂತೆ."

ಕೂಸಪ್ಪ ಅವಳ ಕೈಯಿಂದ ಕಾಗದ ತೆಗೆದು ಜಾಗ್ರತೆಯಿಂದ ಮಡಚಿದ. "ಪಾಸು ಅಂತ ಮಾತ್ರ ಹೇಳುವಾ. ಯಾರಾದರೂ ಕೇಳಿದರೆ, ಗಟ್ಟಿ ಹಿಡಿದದ್ದಕ್ಕೆ ಅಂತ ಹೇಳು."